ಪೆಡಲ್ ಒತ್ತುವುದು ನಾನು

ನನ್ನ ಬಲಗೈಯ ಕೊನೆಯ ಎರಡು ಬೆರಳುಗಳು ಈಗ ನನ್ನ ಮಾತು ಕೇಳುವುದಿಲ್ಲ. ಕಾವೂರಿನ ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದಾಗ ಮೊಣಕೈ ಮುರಿಯಿತು. ಮೂಳೆ ಕೂಡಿಕೊಂಡಿತು, ನರ ಕೂಡಿಕೊಳ್ಳಲಿಲ್ಲ. "ಬರೆಯಲಿಕ್ಕೆ, ಅಡುಗೆ ಮಾಡ್ಲಿಕ್ಕೆ ಎಲ್ಲ ತೊಂದರೆ ಇಲ್ಲ" ಎಂದರು ಡಾಕ್ಟರು. ನಾನು ಶಾಲೆಯಲ್ಲಿ ಸಂಗೀತ ಕಲಿಸುವವಳು, ಸಂಜೆ ಹೊತ್ತು ಒಂದು ತುಳು ನಾಟಕ ತಂಡಕ್ಕೆ ಕೀಬೋರ್ಡ್ ನುಡಿಸುವವಳು. ಅಡುಗೆಯ ವಿಷಯ ನಾನು ಕೇಳಿಯೇ ಇರಲಿಲ್ಲ.

ತುಳು ನಾಟಕ ನೋಡಿದವರಿಗೆ ಗೊತ್ತು, ಅಲ್ಲಿ ಹಿನ್ನೆಲೆ ಸಂಗೀತದವರು ಹಿನ್ನೆಲೆಯಲ್ಲಿ ಅಡಗಿರುವುದಿಲ್ಲ. ವೇದಿಕೆಯ ಒಂದು ಬದಿಯಲ್ಲಿ ಜನರಿಗೆ ಕಾಣುವಂತೆಯೇ ಕೂತಿರುತ್ತಾರೆ. ನಟ ಬಾಗಿಲಿನಿಂದ ಬಂದರೆ ಒಂದು ಸಂಗೀತ, ಕಾಲು ಜಾರಿದರೆ ಒಂದು ಶಬ್ದ, ಹೆಂಡತಿ ಗದರಿದರೆ ಇನ್ನೊಂದು. ಹಾಸ್ಯನಟ ಮಾತಿನ ಮಧ್ಯೆ ನಮ್ಮ ಕಡೆ ತಿರುಗಿ ಕಾಲೆಳೆಯುವುದೂ ಉಂಟು. ನಮ್ಮ ಶಬ್ದ ಒಂದು ಕ್ಷಣ ತಡವಾದರೆ ನಗು ಸತ್ತುಹೋಗುತ್ತದೆ, ಒಂದು ಕ್ಷಣ ಬೇಗವಾದರೆ ಹುಟ್ಟುವುದೇ ಇಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವ ಹೆಂಗಸು ತುಳು ನಗೆಯ ಹದ ಹಿಡಿಯುತ್ತಾಳೆಂದು ಮೊದಮೊದಲು ತಂಡದಲ್ಲಿ ಯಾರೂ ನಂಬಿರಲಿಲ್ಲ. ನಂಬಿಸಲು ನಾನು ಯಾರ ಕೈಕಾಲೂ ಹಿಡಿದವಳಲ್ಲ. ನುಡಿಸಿದೆ, ಕುರ್ಚಿ ನನ್ನದಾಯಿತು.

ಕೈಯ ಪಟ್ಟಿ ಬಿಚ್ಚಿದ ಮೇಲೆ, ಬಲ್ಮಠದ ಒಂದು ಸಭಾಂಗಣದಲ್ಲಿ ನಡೆಯುತ್ತಿದ್ದ ಹೊಸ ನಾಟಕದ ತಾಲೀಮಿಗೆ ಹೋದೆ. ನಿರ್ದೇಶಕರು ತಾವೇ ಕುರ್ಚಿ ಎಳೆದುಕೊಟ್ಟರು, ಚಾ ತರಿಸಿದರು. ಆ ಉಪಚಾರ ನೋಡಿಯೇ ನನಗೆ ಅನುಮಾನ ಬಂತು.

"ಟೀಚರ್, ಈ ಸಲ ಮ್ಯೂಸಿಕ್ ಎಲ್ಲ ಸ್ಟುಡಿಯೋದಲ್ಲಿ ಮಾಡಿಸಿ ಪೆನ್ ಡ್ರೈವಿಗೆ ಹಾಕಿಸುವ ಅಂತ ಉಂಟು" ಎಂದರು. "ನಿಮ್ಮ ಜಾಗ ಎಲ್ಲಿಗೂ ಹೋಗುವುದಿಲ್ಲ. ನೀವು ಬಂದು ಕೂತ್ಕೊಳ್ಳಿ, ಕೀಬೋರ್ಡಿನ ಮೇಲೆ ಸುಮ್ಮನೆ ಕೈ ಆಡಿಸಿ. ಜನರಿಗೆ ಎಂತ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ ಸರ್" ಎಂದೆ.

ಅವರು ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಗೆ ಎರಡು ಸಲ ಬಂದು ನೋಡಿಹೋದವರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎಂಬುದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಕೈ ಹೋದವಳಿಗೆ ಕೈ ಇರುವಂತೆ ನಟಿಸುವ ಕೆಲಸ ಕೊಡುವುದು ಯಾವ ಸೀಮೆಯ ದಯೆ?

"ಮ್ಯೂಸಿಕ್ ಸೇರಿಸಿ ತಾಲೀಮು ಶುರುವಾಗ್ಲಿಕ್ಕೆ ಇನ್ನೂ ಸಮಯ ಉಂಟಲ್ಲ? ಅಲ್ಲಿವರೆಗೆ ಯಾರಿಗೂ ಹೇಳಬೇಡಿ."

"ಅಷ್ಟರಲ್ಲಿ ಕೈ ಸರಿಯಾಗ್ತದಾ ಟೀಚರ್?"

"ಇಲ್ಲ. ಕೈ ಹೀಗೇ ಇರ್ತದೆ. ನುಡಿಸುವ ದಾರಿ ಬೇರೆ ಮಾಡ್ತೇನೆ."

ಯಾವ ದಾರಿ ಎಂದು ಆಗ ನನಗೂ ಗೊತ್ತಿರಲಿಲ್ಲ. ಬಾಯಿ ಮುಂದೆ ಓಡಿತ್ತು, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತ ಬರಬೇಕಿತ್ತು.

ದಾರಿ ಸಿಕ್ಕಿದ್ದು ನಮ್ಮ ಮನೆಯ ಚಾವಡಿಯಲ್ಲೇ. ಅಲ್ಲಿ ಅಮ್ಮ ಹೆಣೆದ ಕ್ರೋಶೆ ಬಟ್ಟೆ ಹೊದ್ದುಕೊಂಡು ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಕೂತಿತ್ತು. ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲು, ಕುವೈತಿನಲ್ಲಿರುವ ತಮ್ಮನ ಮುಖ ನೋಡಲು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಕಂಪ್ಯೂಟರನ್ನು ಸೀಕ್ವೆನ್ಸರ್ ಮಾಡಿಕೊಳ್ಳಬಹುದು ಎಂದು ಓದಿದ್ದೆ. ಹಾಗೆಂದರೆ ಕಂಪ್ಯೂಟರ್ ತಾನು ಯಾವ ಶಬ್ದವನ್ನೂ ಮಾಡುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಒತ್ತಿ, ಎಲ್ಲಿ ಬಿಡಬೇಕು ಎಂಬ ಆಜ್ಞೆಗಳನ್ನು ಮಾತ್ರ ತಂತಿಯ ಮೂಲಕ ಸಿಂಥಸೈಜರಿಗೆ ಕಳಿಸುತ್ತದೆ. ಹಾಡುವುದು ಸಿಂಥಸೈಜರ್. ಇಗರ್ಜಿಯಲ್ಲಿ ಕ್ವಾಯರ್ ಮಾಸ್ಟರ್ ತಾವು ಹಾಡದೆ ಎಲ್ಲರಿಂದ ಹಾಡಿಸುತ್ತಾರಲ್ಲ, ಅದೇ ಲೆಕ್ಕ. ನನ್ನ ಬಳಿ ಎರಡು ಸಿಂಥಸೈಜರ್ ಇದ್ದವು, ಒಂದು ನಾನು ನುಡಿಸುತ್ತಿದ್ದ ಕೀಬೋರ್ಡು, ಇನ್ನೊಂದು ತಮ್ಮ ಗಲ್ಫಿನಿಂದ ತಂದು ಹಾಕಿದ್ದ ಹಳೆಯದು.

ತಂಡದಲ್ಲಿ ರಿದಂ ಪ್ಯಾಡ್ ನುಡಿಸುವವರಿಗೆ ಹಗಲು ಹೊತ್ತು ಮೊಬೈಲ್ ರಿಪೇರಿ ಅಂಗಡಿ. ನನ್ನ ಪಕ್ಕದ ಕುರ್ಚಿಯಲ್ಲಿ ಇಷ್ಟು ವರ್ಷ ಕೂತ ಆ ಬ್ಯಾರಿ ಮನುಷ್ಯ ನನಗಿಂತ ಕಡಿಮೆ ಮಾತಿನವರು. ಕೇಬಲ್ ಮತ್ತು ಜೋಡಿಸುವ ಡಬ್ಬಿ ಅವರೇ ತಂದುಕೊಟ್ಟರು. ಮೇಜು, ಟೀಪಾಯಿ, ದೇವರ ಅಲ್ತಾರಿನ ಕೆಳಗಿನ ಸ್ಟೂಲು ಎಲ್ಲದರ ಮೇಲೂ ವಯರು ಹರಡಿತು.

"ಇದು ಕಂಪ್ಯೂಟರಾ, ಕೋಳಿಗೂಡಾ?" ಎಂದರು ಅಮ್ಮ. "ರೋಸರಿಗೆ ಮೊಣಕಾಲೂರಲಿಕ್ಕೂ ಜಾಗ ಇಲ್ಲ ಮಾರಾಯ್ತಿ."

"ನಾಟಕ ಆಗುವವರೆಗೆ ಕುರ್ಚಿಯಲ್ಲಿ ಕೂತೇ ಪ್ರಾರ್ಥನೆ ಮಾಡಿ. ದೇವರು ಬೇಡ ಹೇಳುವುದಿಲ್ಲ."

ಎಡಗೈಯಿಂದ ಒಂದೊಂದೇ ಸ್ವರ ಒತ್ತಿ ತುಂಬಿಸುತ್ತ ಹೋದೆ. ಇದಕ್ಕೆ ವೇಗ ಬೇಡ, ಕಂಪ್ಯೂಟರ್ ಕಾಯುತ್ತದೆ. ಒಂದು ಸ್ವರ, ಅದರ ಉದ್ದ, ಅದರ ಒತ್ತು, ಮುಂದಿನ ಸ್ವರ. ನನ್ನ ಬಲಗೈ ಒಂದು ಉಸಿರಿಗೆ ನುಡಿಸುತ್ತಿದ್ದ ಕೊಳಲಿನ ಓಟವನ್ನು ಬರೆಯಲು ಒಂದು ಸಂಜೆ ಪೂರ್ತಿ ಬೇಕಾಯಿತು. ಪ್ಲೇ ಒತ್ತಿ ಕೇಳಿದರೆ ಹೆಣದ ಹಾಗಿತ್ತು. ಪ್ರತಿ ಸ್ವರ ತಾಳದ ಗೆರೆಯ ಮೇಲೆ ಸರಿಯಾಗಿ ಬಿದ್ದಿತ್ತು, ಅದೇ ತಪ್ಪು. ಕೈಯಲ್ಲಿ ನುಡಿಸುವ ಯಾರೂ ಅಷ್ಟು ಸರಿಯಾಗಿ ಬೀಳುವುದಿಲ್ಲ. ಸ್ಟ್ರಿಂಗ್ಸ್, ಅಂದರೆ ಪಿಟೀಲುಗಳ ಧ್ವನಿ, ನಿಧಾನವಾಗಿ ಏಳುವಂಥದ್ದು, ಅದನ್ನು ಗೆರೆಗಿಂತ ಕೂದಲೆಳೆ ಮುಂದೆ ಇಟ್ಟರೆ ಮಾತ್ರ ಕಿವಿಗೆ ಸಮಯಕ್ಕೆ ಬಂದಂತೆ ಕೇಳುತ್ತದೆ. ಕೊಳಲನ್ನು ತುಸು ಹಿಂದೆ ಸರಿಸಬೇಕು. ಕಣ್ಣು ಮುಚ್ಚಿ ನನ್ನ ಹಳೆಯ ಕೈಯನ್ನು ನೆನಪಿಸಿಕೊಂಡು, ಅದು ಎಲ್ಲೆಲ್ಲಿ ಅವಸರ ಮಾಡುತ್ತಿತ್ತು, ಎಲ್ಲೆಲ್ಲಿ ಸೋಮಾರಿಯಾಗುತ್ತಿತ್ತು ಎಂದು ಯೋಚಿಸಿ ಒಂದೊಂದು ಸ್ವರವನ್ನೂ ಸರಿಸಿದೆ. ಇದನ್ನು ಮಾಡುವಾಗ ಒಮ್ಮೆ ಅತ್ತೆ. ಅತ್ತ ಮೇಲೆ ಮುಖ ತೊಳೆದು ಬಂದು ಉಳಿದ ಸಾಲು ಮುಗಿಸಿದೆ.

ನಾಟಕದ ಕಥೆ ಸರಳ. ಒಂದು ಕಂಪೌಂಡ್ ಗೋಡೆಯ ಆಚೆ ಈಚೆ ಇಬ್ಬರು ನೆರೆಯವರು, ಹಲಸಿನ ಮರದ ಎಲೆ ಯಾರ ಅಂಗಳಕ್ಕೆ ಬಿತ್ತು ಎಂಬುದರಿಂದ ಹಿಡಿದು ಎಲ್ಲದಕ್ಕೂ ಜಗಳ. ಹಾಸ್ಯನಟರದ್ದು ಈಚೆಯವನ ಪಾತ್ರ. ಬೆಳಗಾದರೆ ಗೋಡೆಯ ಬಳಿ ಬಂದು "ಓಯ್, ಬದುಕಿದ್ದೀಯಾ?" ಎಂದು ಕೂಗುವುದು, ಆಚೆಯಿಂದ "ನಿನ್ನನ್ನು ಕಳಿಸಿಯೇ ನಾನು ಹೋಗುವುದು" ಎಂಬ ಉತ್ತರ, ಅದಕ್ಕೊಂದು ಚೇಷ್ಟೆಯ ಸಂಗೀತ. ಕೊನೆಗೆ ಆಚೆಯವನು ತೀರಿಕೊಳ್ಳುತ್ತಾನೆ. ತಾಲೀಮಿನ ರೆಕಾರ್ಡಿಂಗ್ ಫೋನಿನಲ್ಲಿತ್ತು. ಅದನ್ನು ಕೇಳುತ್ತ, ಮಾತಿನ ಸಮಯ ಹಿಡಿದು, ಪ್ರತಿ ದೃಶ್ಯದ ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲಾಗಿ ಜೋಡಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಮೊದಲ ತಾಲೀಮಿನಲ್ಲೇ ಮೆಚ್ಚುಗೆ ಇಳಿಯಿತು. ಹಾಸ್ಯನಟರು ಬರೆದದ್ದನ್ನು ಹೇಳುವವರಲ್ಲ. ಆ ದಿನ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಕಂಡ ಒಂದು ಜಗಳವನ್ನು ಸೇರಿಸಿಕೊಂಡು ಮಾತು ಬೆಳೆಸಿದರು. ಅವರು ಇನ್ನೂ ಕಂಡಕ್ಟರನ ಚಿಲ್ಲರೆಯ ವಿಷಯದಲ್ಲಿರುವಾಗ, ನನ್ನ ಕಂಪ್ಯೂಟರ್ ನೆರೆಯವನು ಬಂದನೆಂದು ಡೋಲು ಬಾರಿಸಿತು. ಆಮೇಲೆ ಯಾರೂ ಇಲ್ಲದ ಬಾಗಿಲಿಗೆ ಚೇಷ್ಟೆಯ ಸಂಗೀತವನ್ನೂ ನುಡಿಸಿತು.

ಅವರು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. "ಬಾಯಮ್ಮ, ನಿಮ್ಮ ಮಿಷನಿಗೆ ಬಸ್ಸು ಹಿಡಿಯಲಿಕ್ಕೆ ಉಂಟಾ?"

ಎಲ್ಲರೂ ನಕ್ಕರು. "ನೀವು ಬರೆದ ಹಾಗೆ ಹೇಳಿದರೆ ಅದು ಸರಿಯಾಗಿಯೇ ನುಡಿಸ್ತದೆ" ಎಂದೆ.

"ನಾನು ಎಂತ, ಶಾಲೆಯಲ್ಲಿ ಪದ್ಯ ಒಪ್ಪಿಸ್ಲಿಕ್ಕೆ ಬಂದದ್ದಾ?"

ಮನೆಗೆ ಬರುವವರೆಗೂ ಅವರ ಮೇಲೆ ಕುದಿಯುತ್ತಿದ್ದೆ. ಆಮೇಲೆ ಯೋಚಿಸಿದರೆ, ನಾನು ಜೋಡಿಸಿದ್ದು ಇನ್ನೊಂದು ಪೆನ್ ಡ್ರೈವನ್ನೇ. ಪೆನ್ ಡ್ರೈವ್ ಯಾರಿಗೂ ಕಾಯುವುದಿಲ್ಲ, ನನ್ನದೂ ಕಾಯಲಿಲ್ಲ. ನಮ್ಮ ನಾಟಕದಲ್ಲಿ ನಟ ಮುಂದೆ, ಸಂಗೀತ ಹಿಂದೆ. ಅದನ್ನು ತಿರುಗಿಸ ಹೊರಟದ್ದು ನಾನು.

ಕಟ್ಟಿದ ಸಾಲನ್ನೆಲ್ಲ ಒಡೆದು ತುಂಡು ತುಂಡು ಮಾಡಿದೆ. ಒಂದೊಂದು ತುಂಡೂ ತನ್ನಲ್ಲೇ ಸುತ್ತುತ್ತಿರಬೇಕು, ನಾನು ಹೇಳಿದಾಗ ಮಾತ್ರ ಮುಂದಿನದಕ್ಕೆ ಹೋಗಬೇಕು. ಹೇಳಲು ಕೀಬೋರ್ಡಿನ ಕಾಲಿನ ಪೆಡಲ್ ಇಟ್ಟುಕೊಂಡೆ. ಸ್ವರವನ್ನು ಎಳೆಯಲು ಒತ್ತುವ ಆ ಪೆಡಲಿನ ಸಂಕೇತವನ್ನು ಕಂಪ್ಯೂಟರಿನಲ್ಲಿ 'ಮುಂದಿನ ತುಂಡು' ಎಂದು ಬದಲಿಸಿದೆ. ಎಡಗೈ ಖಾಲಿಯಾಯಿತು. ಜಾರಿ ಬಿದ್ದದ್ದು, ಗದರಿದ್ದು, ಬಾಯಿ ತೆರೆದು ನಿಂತದ್ದು, ಇವಕ್ಕೆ ಬೇಕಾದ ಸಣ್ಣ ಶಬ್ದಗಳನ್ನೆಲ್ಲ ಎಡಗೈಯಲ್ಲೇ ನೇರವಾಗಿ ನುಡಿಸಬಹುದಾಯಿತು. ಒಂದೇ ಕಿರಿಕಿರಿ ಎಂದರೆ ಪೆಡಲ್ ಒಂದು ಸಲ ಒತ್ತಿದರೆ ಎರಡು ತುಂಡು ಹಾರುತ್ತಿತ್ತು. ಒತ್ತಿದಾಗ ಒಂದು ಸಂಕೇತ, ಕಾಲು ಎತ್ತಿದಾಗ ಇನ್ನೊಂದು ಸಂಕೇತ ಹೋಗುತ್ತದೆ ಎಂದು ಕಂಡುಹಿಡಿದು, ಎತ್ತಿದ್ದನ್ನು ಕೇಳಿಸಿಕೊಳ್ಳಬೇಡ ಎಂದು ಕಂಪ್ಯೂಟರಿಗೆ ಹೇಳಬೇಕಾಯಿತು. ಮುಂದಿನ ತಾಲೀಮಿನಲ್ಲಿ ಹಾಸ್ಯನಟರು ಬೇಕೆಂದೇ ಮಾತು ಎಳೆದರು. ಈ ಸಲ ಡೋಲು ಕಾಯಿತು. ಅವರು ನನ್ನ ಕಡೆ ನೋಡಿ ಹುಬ್ಬೇರಿಸಿದರು.

ಮೊದಲ ಪ್ರದರ್ಶನ ಸುರತ್ಕಲ್ ಕಡೆಯ ಒಂದು ಹಾಲಿನಲ್ಲಿ. ಅರ್ಧ ನಾಟಕ ಚೆನ್ನಾಗಿ ಹೋಯಿತು. ಆಮೇಲೆ ಕರೆಂಟು ಹೋಗಿ, ಜನರೇಟರ್ ಶುರುವಾಯಿತು. ಕಂಪ್ಯೂಟರಿಗೆ ಯುಪಿಎಸ್ ಇಟ್ಟಿದ್ದೆ, ಅದು ಅಲುಗಲಿಲ್ಲ. ಸಿಂಥಸೈಜರುಗಳಿಗೆ ಇಟ್ಟಿರಲಿಲ್ಲ. ಅವು ಆರಿ ಹೊತ್ತಿಕೊಂಡವು, ಹೊತ್ತಿಕೊಂಡಾಗ ತಾವು ಯಾರೆಂಬುದನ್ನೇ ಮರೆತಿದ್ದವು. ಕೊಳಲು, ಸ್ಟ್ರಿಂಗ್ಸ್, ಡೋಲು ಎಲ್ಲವೂ ಪಿಯಾನೋ. ಸಾಲದ್ದಕ್ಕೆ ಕತ್ತಲೆಯಲ್ಲಿ ಗಾಬರಿಯಿಂದ ನನ್ನ ಕಾಲು ಪೆಡಲನ್ನು ಒತ್ತಿಕೊಂಡೇ ಇತ್ತು. ಈ ಕೀಬೋರ್ಡು ಹೊತ್ತಿಕೊಳ್ಳುವಾಗ ಪೆಡಲ್ ಹೇಗಿದೆಯೋ ಅದನ್ನೇ 'ಒತ್ತಿಲ್ಲ' ಎಂದು ತಿಳಿದುಕೊಳ್ಳುವ ಜಾತಿಯದು. ಅಲ್ಲಿಂದ ಮುಂದೆ ಒತ್ತಿದರೆ ಏನೂ ಇಲ್ಲ, ಕಾಲೆತ್ತಿದರೆ ತುಂಡು ಹಾರುತ್ತಿತ್ತು. ಹೀಗೆ ಸಾಲು ತಪ್ಪಿ, ನೆರೆಯವನ ಸಾವಿನ ದೃಶ್ಯದಲ್ಲಿ ಹಿಂದಿನ ದೃಶ್ಯದ ಮದುವೆ ಮನೆಯ ಓಲಗ ಪಿಯಾನೋದಲ್ಲಿ ಬಂತು. ಜನ ನಕ್ಕರು. ನಗಬಾರದ ಕಡೆ ನಕ್ಕರು. ಪ್ಯಾಡಿನವರು ಬರೀ ತಾಳದಿಂದ ಆ ದೃಶ್ಯವನ್ನು ಹೇಗೋ ದಡ ಸೇರಿಸಿದರು.

ಮರುದಿನ ನಿರ್ದೇಶಕರು ಮನೆಗೇ ಬಂದರು. ವಯರುಗಳನ್ನು ದಾಟಿಕೊಂಡು ಬಂದು ಕೂತರು. ಪೆನ್ ಡ್ರೈವ್ ಮಾಡಿಸಿಯಾಗಿತ್ತು.

"ಟೀಚರ್, ನೀವು ತುಂಬ ಕಷ್ಟಪಟ್ರಿ, ನಾನು ಇಲ್ಲ ಹೇಳುವುದಿಲ್ಲ. ಆದರೆ ಮುಂದಿನ ಶೋ ಪಣಂಬೂರಿನಲ್ಲಿ, ತುಂಬ ಜನ ಸೇರುವುದು. ಕೈ ಆಡಿಸಿದರೆ ಸಾಕು ಹೇಳಿದ್ದೆ ನಾನು. ಅದರಲ್ಲಿ ಎಂತ ಮರ್ಯಾದೆ ಹೋಗ್ತದೆ?"

ಅಮ್ಮ ಒಳಗಿನಿಂದ ಚಾ ತಂದವರು ಅಲ್ಲೇ ನಿಂತರು. ಒಪ್ಪಿಕೊಂಡರೆ ಕುರ್ಚಿ ಉಳಿಯುತ್ತದೆ, ಮೈಕಿನಲ್ಲಿ ಹೆಸರು ಹೇಳುತ್ತಾರೆ, ಪರಿಚಯದವರು ಬಂದು ಚೆನ್ನಾಗಿ ನುಡಿಸಿದಿರಿ ಎನ್ನುತ್ತಾರೆ. ಆ ಕೊನೆಯ ಮಾತಿಗೆ ನಾನು ಯಾವ ಮುಖದಿಂದ ಥ್ಯಾಂಕ್ಸ್ ಹೇಳುವುದು?

"ಸರ್, ನಿನ್ನೆ ತಪ್ಪಿದ್ದು ನಾನು. ತಪ್ಪಿದ್ದಕ್ಕೆ ಬೈಯಿರಿ, ಕೇಳ್ತೇನೆ" ಎಂದೆ. "ಆದರೆ ನುಡಿಸದೆ ನುಡಿಸಿದ ಹಾಗೆ ಕೂತ್ಕೊಳ್ಳುವುದಿಲ್ಲ. ಪಣಂಬೂರಿಗೆ ಪೆನ್ ಡ್ರೈವ್ ತನ್ನಿ, ಮಿಕ್ಸರಿಗೆ ಹಾಕಿಯೇ ಇಡಿ. ನಾನು ಕೈ ಎತ್ತಿದರೆ ಶುರು ಮಾಡಿ. ಅದು ಶುರುವಾದ ಕ್ಷಣ ನಾನು ಎದ್ದು ಕೆಳಗೆ ಬರ್ತೇನೆ, ಮತ್ತೆ ಆ ಕುರ್ಚಿಗೆ ಬರುವುದಿಲ್ಲ. ನಾನು ಕೈ ಎತ್ತದಿದ್ದರೆ ಯಾರೂ ಅದನ್ನು ಮುಟ್ಟಬಾರದು."

ಅವರು ಬಹಳ ಹೊತ್ತು ಚಾ ಕುಡಿದರು. "ಆ ಕಂಪ್ಯೂಟರಿಗೆ ಒಂದು ಕಪ್ಪು ಬಟ್ಟೆಯಾದರೂ ಹಾಕ್ತೀರಾ? ಜನ ನೋಡಿದರೆ ಎಲ್ಲ ಮಿಷನಿಂದೇ ಅಂತಾರೆ."

"ಅಂದುಕೊಳ್ಳಲಿ. ಅದನ್ನು ಮುಂದೆಯೇ ಇಡ್ತೇನೆ."

ಅವರು ಹೋದ ಮೇಲೆ ಅಮ್ಮ ಲೋಟ ಎತ್ತಿಕೊಂಡರು. "ಅಷ್ಟು ದೊಡ್ಡ ಮಾತು ಬೇಕಿತ್ತಾ? ಈಗ ಕೆಲಸ ಮಾಡು" ಎಂದರು.

ಮಾಡಿದೆ. ಪ್ಯಾಡಿನವರು ಅಂಗಡಿಯಿಂದ ಇನ್ನೊಂದು ಯುಪಿಎಸ್ ತಂದರು, ಎರಡೂ ಸಿಂಥಸೈಜರುಗಳನ್ನು ಅದಕ್ಕೆ ಕಟ್ಟಿದೆವು. ಅದನ್ನೂ ನಂಬದೆ, ಪ್ರತಿ ತುಂಡಿನ ತಲೆಯಲ್ಲಿ 'ನೀನು ಕೊಳಲು, ನೀನು ಸ್ಟ್ರಿಂಗ್ಸ್, ನಿನ್ನ ಧ್ವನಿ ಇಷ್ಟು' ಎಂಬ ಆಜ್ಞೆಗಳನ್ನು ಹೊಸದಾಗಿ ಬರೆದೆ. ಈಗ ಯಾವ ತುಂಡಿನ ಮಧ್ಯೆ ಮರೆವು ಬಂದರೂ ಮುಂದಿನ ತುಂಡಿಗೆ ನೆನಪು ಮರಳಬೇಕು. ಆಮೇಲೆ ಚಾವಡಿಯಲ್ಲಿ ನಾಟಕ ನಡೆಸುತ್ತ ಪ್ಯಾಡಿನವರಿಂದ ಬೇಕೆಂದೇ ಪ್ಲಗ್ ಕೀಳಿಸಿದೆ. ಕೀಳುವ ಮೊದಲು ಅವರು ಹೇಳುವ ಹಾಗಿಲ್ಲ. ಕೀಬೋರ್ಡಿನ ಬೆಳಕು ಹೋದೊಡನೆ ಪೆಡಲಿನಿಂದ ಕಾಲು ತೆಗೆಯುವುದು ನನಗೆ ನಿದ್ದೆಯಲ್ಲೂ ಬರುವಷ್ಟು ರೂಢಿಯಾಯಿತು.

"ಟೀಚರೇ, ಇನ್ನು ಕೀಳ್ಲಿಕ್ಕೆ ಪ್ಲಗ್ ಯಾವುದೂ ಇಲ್ಲ" ಎಂದು ಅವರೇ ಕೊನೆಗೆ ಹೇಳಿದರು.

ಪಣಂಬೂರಿನ ಸಭಾಂಗಣ ಬಂದರಿನ ರಸ್ತೆಗೆ ಹತ್ತಿರ. ಲಾರಿಗಳ ಸದ್ದು ಗೋಡೆಯಲ್ಲೇ ಇರುವಂತೆ ಕೇಳುತ್ತಿತ್ತು. ಕಂಪ್ಯೂಟರಿನ ಪರದೆಯನ್ನು ಜನರಿಗೆ ಓರೆಯಾಗಿ ಕಾಣುವಂತೆಯೇ ಇಟ್ಟೆ. ಮುಂದಿನ ಸಾಲಿನ ಒಬ್ಬರು ಪಕ್ಕದವರಿಗೆ "ಇದು ರೆಕಾರ್ಡಿಂಗ್ ಮಾರಾಯ, ನೋಡು" ಎಂದದ್ದು ನನಗೆ ಕೇಳಿತು. ಅವರನ್ನೇ ನೋಡುತ್ತ ಎಡಗೈಯಲ್ಲಿ ಕಪ್ಪೆ ಕೂಗುವ ಒಂದು ಶಬ್ದ ಒತ್ತಿದೆ. ಅವರು ಬೆಚ್ಚಿ ಸರಿಯಾಗಿ ಕೂತರು. ಹಾಲಿನ ಹಿಂಬದಿಯಲ್ಲಿ ಮಿಕ್ಸರಿನ ಪಕ್ಕ ನಿರ್ದೇಶಕರು ನಿಂತಿದ್ದರು.

ಆ ಸಂಜೆ ಕರೆಂಟು ಹೋಗಲಿಲ್ಲ. ಇಷ್ಟೆಲ್ಲ ತಯಾರಿ ಮಾಡಿಕೊಂಡದ್ದಕ್ಕೆ ನನಗೆ ಸ್ವಲ್ಪ ಬೇಸರವೇ ಆಯಿತು. ಹಾಸ್ಯನಟರು ಹಲಸಿನ ಎಲೆಯ ಜಗಳವನ್ನು ಬರೆದದ್ದಕ್ಕಿಂತ ಬಹಳ ದೂರ ಎಳೆದರು. ಡೋಲು ಕಾಯಿತು, ನಾನು ಒತ್ತಿದೆ, ನೆರೆಯವನು ಬಂದ, ಜನ ನಕ್ಕರು. ಒಂದು ಸಲವೂ ಸಮಯ ತಪ್ಪಲಿಲ್ಲ.

ಕೊನೆಯ ದೃಶ್ಯ ಬಂತು. ಆಚೆಯವನ ಹೆಣ ಸಾಗಿಸಿ ಆಗಿದೆ. ಮರುದಿನ ಬೆಳಿಗ್ಗೆ ಈಚೆಯವನು ಅಭ್ಯಾಸಬಲದಿಂದ ಗೋಡೆಯ ಬಳಿ ಬಂದು ಕೂಗುತ್ತಾನೆ. ಕೆಳಗೆ ಸ್ಟ್ರಿಂಗ್ಸ್ ಮೆಲ್ಲಗೆ ಸುತ್ತುತ್ತಿರಬೇಕು. ಅವನು ಒಂದು ಉದ್ದ ಮಾತಾಡಿ ಗೋಡೆ ಮುಟ್ಟಿದಾಗ ನಾನು ಪೆಡಲ್ ಒತ್ತಬೇಕು, ಕೊಳಲು ಏಳಬೇಕು. ತಾಲೀಮಿನಲ್ಲಿ ಹಾಗೆಯೇ ಇತ್ತು.

"ಓಯ್, ಬದುಕಿದ್ದೀಯಾ?" ಎಂದರು ಹಾಸ್ಯನಟರು.

ಕೂಗಿದವರು ಬಾಯಿಗೆ ಕೈ ಅಡ್ಡ ಹಿಡಿದರು. ಹಾಗೆ ಅವರು ಹಿಂದೆ ಎಂದೂ ಮಾಡಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ಉದ್ದ ಮಾತು ಬರಲಿಲ್ಲ. ಸ್ಟ್ರಿಂಗ್ಸ್ ಒಂದು ಸುತ್ತು ಮುಗಿಸಿ ಇನ್ನೊಂದು ಶುರು ಮಾಡಿತು. ಆ ಮನುಷ್ಯ ಮಾತಿಲ್ಲದೆ ಕೂತಿರುವಾಗ ನನ್ನ ಸ್ಟ್ರಿಂಗ್ಸ್ ಅವರ ಪರವಾಗಿ ಅಳುತ್ತಿರುವುದು ನನಗೆ ಸುಳ್ಳು ಎನಿಸಿತು. ಪೆಡಲ್ ಒತ್ತಿದರೆ ಕೊಳಲು ಬಂದು ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ. ಎಡಗೈಯಲ್ಲಿ ಧ್ವನಿಯನ್ನು ಇಳಿಸುತ್ತ ಇಳಿಸುತ್ತ ಬಂದು ಸ್ಪೇಸ್ ಬಾರ್ ಒತ್ತಿದೆ. ಕಂಪ್ಯೂಟರ್ ನಿಂತಿತು. ಹಾಲಿನಲ್ಲಿ ಲಾರಿಗಳ ಸದ್ದು ಮಾತ್ರ ಉಳಿಯಿತು.

ಹಿಂಬದಿಯಲ್ಲಿ ನಿರ್ದೇಶಕರು ಮಿಕ್ಸರಿನತ್ತ ಬಾಗುವುದು ಕಂಡಿತು. ಸೌಂಡಿನವನ ಬೆರಳು ಆಗಲೇ ಗುಂಡಿಯ ಮೇಲಿತ್ತು, ಅವನ ಕಣ್ಣು ನನ್ನ ಕೈಯ ಮೇಲಿತ್ತು. ಪಕ್ಕದಿಂದ ಪ್ಯಾಡಿನವರೂ ನನ್ನನ್ನು ನೋಡಿದರು. ನಾನು ಕೈ ಎತ್ತಲಿಲ್ಲ. ನಿರ್ದೇಶಕರ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದೆ. ಹೆದರಿಕೆ ಆಗುತ್ತಿತ್ತು. ಆದರೂ ಬೇಡ.

ಜನ ಕೆಮ್ಮಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡರು. ಹಾಸ್ಯನಟರು ಬಹಳ ಹೊತ್ತಿನ ಮೇಲೆ ಎದ್ದು, ತಿರುಗಿ, ಗೋಡೆಯ ಮೇಲೆ ಅಂಗೈ ಇಟ್ಟರು. ಆಗ ಪೆಡಲ್ ಒತ್ತಿದೆ. ನಾನು ಎಡಗೈಯಿಂದ ಒಂದೊಂದೇ ಸ್ವರ ಬರೆದಿದ್ದ ಕೊಳಲು ಎದ್ದಿತು, ನನ್ನ ಬಲಗೈಯ ಹಳೆಯ ಸೋಮಾರಿತನವನ್ನೂ ಸೇರಿಸಿಕೊಂಡು.

ಪರದೆ ಬಿದ್ದು ಜನ ಚದುರಿದ ಮೇಲೆ ಕೇಬಲ್ ಸುತ್ತುತ್ತಿದ್ದೆ. ನಿರ್ದೇಶಕರು ಬೆವರು ಒರೆಸಿಕೊಳ್ಳುತ್ತ ಬಂದರು.

"ಹ್ಯಾಂಗ್ ಆಯ್ತು ಅಂತ ಎಣಿಸಿದೆ ಟೀಚರ್. ನನ್ನ ಜೀವವೇ ಹೋಯ್ತು."

"ಹ್ಯಾಂಗ್ ಆಗ್ಲಿಲ್ಲ ಸರ್. ನಾನು ನಿಲ್ಲಿಸಿದ್ದು."

ಅವರು ಕಂಕುಳಲ್ಲಿದ್ದ ನಾಟಕದ ಪ್ರತಿ ತೆಗೆದು ಕೊನೆಯ ದೃಶ್ಯದ ಹಾಳೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದರು. "ಆ ಜಾಗದಲ್ಲಿ ಮ್ಯೂಸಿಕ್ ನಿಲ್ಲಿಸುವುದು ಅಂತ ಬರೀತೇನೆ. ಎಲ್ಲ ಶೋದಲ್ಲಿಯೂ ಹಾಗೆಯೇ ಇರಲಿ, ಆಗ್ಬಹುದಾ?"

"ಬರೀಬೇಡಿ ಸರ್" ಎಂದೆ. "ಅವರು ಆ ದಿನ ಹೇಗೆ ಕೂತ್ಕೊಳ್ತಾರೆ ನೋಡ್ತೇನೆ. ನಿಲ್ಲಿಸುವುದೋ ಬಿಡುವುದೋ ಆಗ ನಾನು ಮಾಡ್ತೇನೆ."

ಅವರು ಪೆನ್ನಿನ ಮುಚ್ಚಳ ಹಾಕಿದರು.